ನೀರು ಇಳಿದು ಮೂರು ತಿಂಗಳಾದ ಮೇಲೆ ಯಾರಿಗೆ ಏನು ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜುಗಳಲ್ಲಿ ನಡೆಯೋ ಸೋಶಿಯಲ್ ಎಂಟರ್‌ಪ್ರೆನ್ಯೂರ್‌ಶಿಪ್, ಅಂದ್ರೆ ಜನರ ಕಷ್ಟಕ್ಕೆ ವ್ಯಾಪಾರದ ದಾರಿಯಲ್ಲೇ ಪರಿಹಾರ ಹುಡುಕೋ ಸ್ಪರ್ಧೆಗಳ ಬಗ್ಗೆ, ಅದರಲ್ಲೂ ನೆರೆ, ಗುಡ್ಡ ಕುಸಿತ, ಭೂಕಂಪದಂಥ ಹೊತ್ತಲ್ಲಿ ಜನಕ್ಕೆ ನೆರವಾಗೋ ಐಡಿಯಾಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ವಿ. ಪತ್ರ, ಮೇಲ್, ವಾಟ್ಸಾಪ್ ಮೆಸೇಜ್ ಎಲ್ಲಾ ಸೇರಿ ಚೆನ್ನಾಗೇ ಬಂದಿವೆ, ಬರೆದವರಲ್ಲಿ ತುಂಬಾ ಜನ ನೆರೆ ನೋಡಿದ ಊರಿನವರೇ. ಒಂದೇ ಥರದವನ್ನ ಸೇರಿಸಿ ಕೆಲವಕ್ಕೆ ಇಲ್ಲಿ ಉತ್ತರ ಕೊಡ್ತಿದ್ದೀನಿ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳಿದ್ರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರೀ. ನಾವು ನಾಲ್ಕು ಮಂದಿ ಗೆಳೆಯರು ಬಿ.ಇ. ಮೂರನೇ ವರ್ಷ ಓದಾಕತ್ತೀವಿ. ನಮ್ಮ ಕಾಲೇಜಿನ್ಯಾಗ ಸೋಶಿಯಲ್ ಸ್ಟಾರ್ಟಪ್ ಸ್ಪರ್ಧಾ ಐತಿ, ಈ ಸಲ ವಿಷಯ ನೈಸರ್ಗಿಕ ವಿಕೋಪ. 2019ರಾಗ ಘಟಪ್ರಭಾ ನೀರು ನಮ್ಮ ಮನಿಯೊಳಗೂ ಬಂದಿತ್ತು. ದಾನಿಗಳ್ನ ಮತ್ತ ಸಂತ್ರಸ್ತರ್ನ ಜೋಡಸೋ ಆ್ಯಪ್ ಮಾಡಬೇಕಂತ ಅಂದ್ಕೊಂಡೀವಿ. ಗೆಲ್ಲಾಕ ಏನ್ ಮಾಡ್ಬೇಕ್ರೀ?
— ವಿದ್ಯಾರ್ಥಿ, ಗೋಕಾಕ ತಾಲ್ಲೂಕು

ಉತ್ತರ: ತಮ್ಮಾ, ಮನೆಯೊಳಗೆ ನೀರು ಬಂದದ್ದನ್ನ ಕಂಡವನು ನೀನು, ಜ್ಯೂರಿಯಲ್ಲಿ ಕೂರೋರಲ್ಲಿ ಎಷ್ಟು ಜನ ಕಂಡಿರ್ತಾರೋ ಗೊತ್ತಿಲ್ಲ, ಹಾಗಾಗಿ ನಿನ್ನ ಅನುಭವವೇ ನಿನ್ನ ಟೀಮಿನ ದೊಡ್ಡ ಬಲ. ಆದ್ರೆ ಆ್ಯಪ್ ಬಿಟ್ಟುಬಿಡು ಅಂತಲೇ ನಾನು ಹೇಳೋದು. ಇಂಥ ಸ್ಪರ್ಧೆಗಳಲ್ಲಿ ನಾನೂ ಜ್ಯೂರಿಯಾಗಿ ಕೂತಿದ್ದೀನಿ, ದಾನಿ ಒಂದು ಕಡೆ, ಸಂತ್ರಸ್ತ ಇನ್ನೊಂದು ಕಡೆ, ಮಧ್ಯೆ ಒಂದು ಆ್ಯಪ್, ಈ ಚಿತ್ರ ಹೆಚ್ಚುಕಮ್ಮಿ ಪ್ರತಿ ಸಲ ಬರುತ್ತೆ. ನೀರು ಏರ್ತಿರೋವಾಗ ಕರೆಂಟ್ ಇರಲ್ಲ, ಟವರ್ ಇರಲ್ಲ, ಫೋನಲ್ಲಿ ಚಾರ್ಜ್ ಇರಲ್ಲ, ಹೊಸ ಆ್ಯಪ್ ಡೌನ್‌ಲೋಡ್ ಮಾಡ್ಕೊಳ್ಳೋ ಸ್ಥಿತಿಯಲ್ಲಿ ಯಾರೂ ಇರಲ್ಲ ಅನ್ನೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಕೇರಳ ರೆಸ್ಕ್ಯೂ ಅನ್ನೋ ವೆಬ್‌ಸೈಟ್ ತುಂಬಾ ಕೆಲಸಕ್ಕೆ ಬಂತು ನಿಜ, ವಿದ್ಯಾರ್ಥಿಗಳೂ ಅದಕ್ಕೆ ಕೋಡ್ ಬರೆದ್ರು. ಆದ್ರೆ ಅದರ ಹಿಂದೆ ಆ ರಾಜ್ಯದ ಐಟಿ ಮಿಷನ್ ಇತ್ತು, ಐಇಇಇ ಅನ್ನೋ ಎಂಜಿನಿಯರುಗಳ ಸಂಘದ ಸ್ವಯಂಸೇವಕರಿದ್ರು, ಅಲ್ಲಿ ಬಂದ ಮನವಿಯನ್ನ ಬೋಟಿನವರಿಗೆ ಮುಟ್ಟಿಸೋ ವ್ಯವಸ್ಥೆ ಇತ್ತು. ಆ ವ್ಯವಸ್ಥೆ ಇಲ್ದೆ ಬರೀ ಆ್ಯಪ್ ಮಾಡಿದ್ರೆ ಮನವಿಗಳು ಬಂದು ಹಾಗೇ ಬಿದ್ದಿರ್ತವೆ, ಕಾಯ್ತಾ ಇರೋ ಜನಕ್ಕೆ ಅದು ಇನ್ನೂ ಅನ್ಯಾಯ.

ಇನ್ನೊಂದು ಮುಖ್ಯ ವಿಷಯ, ವಿಕೋಪ ಬಂದಾಗ ಮಾತ್ರ ನಡೆಯೋ ವ್ಯಾಪಾರ ವಿಕೋಪ ಬರದ ವರ್ಷ ಸತ್ತೇ ಹೋಗುತ್ತೆ. ಎರಡು ವರ್ಷ ಮಳೆ ಸರಿಯಾಗಿ ಬಂದು ನೆರೆ ಬರಲಿಲ್ಲ ಅಂದ್ರೆ ನಿಮ್ಮ ಆ್ಯಪಿನ ಸರ್ವರ್ ಖರ್ಚು ಯಾರು ಕೊಡ್ತಾರೆ? ಅದಕ್ಕೇ ಮೊದಲು ವರ್ಷಪೂರ್ತಿ ತನ್ನ ಕಾಲ ಮೇಲೆ ನಿಂತ್ಕೊಳ್ಳೋ ಕೆಲಸ ಹುಡುಕಿ, ನೆರೆ ಬಂದ ವಾರ ಅದೇ ಕೆಲಸ ಆ ಕಡೆ ತಿರುಗೋ ಹಾಗಿರಲಿ.

ನಿಮ್ಮ ಕಡೆಯದ್ದೇ ಉದಾಹರಣೆ ಹೇಳ್ತೀನಿ. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ನೀರು ಮುಟ್ಟದ ಊರುಗಳಿಂದ ಗಾಡಿಗಟ್ಟಲೆ ರೊಟ್ಟಿ ಬಂತು ಅಲ್ವಾ? ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ, ಒಲೆ ಬೇಡ, ಪಾತ್ರೆ ಬೇಡ, ಶೇಂಗಾ ಚಟ್ನಿ ಜೊತೆಗಿದ್ರೆ ಊಟ ಆಗೇ ಹೋಯ್ತು. ಈಗ ಯೋಚನೆ ಮಾಡು, ನಿಮ್ಮ ತಾಲ್ಲೂಕಲ್ಲಿ ರೊಟ್ಟಿ ಮಾಡೋ ಹೆಣ್ಣುಮಕ್ಕಳ ಸಂಘಗಳು ಈಗಾಗಲೇ ಇವೆ, ಅವರಿಗೆ ಬೆಂಗಳೂರು, ಪುಣೆಯ ಹಾಸ್ಟೆಲ್, ಮೆಸ್, ಪಿಜಿಗಳ ಆರ್ಡರ್ ವರ್ಷಪೂರ್ತಿ ಸಿಗೋ ಹಾಗೆ ನೀವು ಮಾಡಿದ್ರಿ ಅಂದ್ಕೋ, ಪ್ಯಾಕಿಂಗು, ಲೆಕ್ಕ, ಸಾಗಣೆ ನಿಮ್ಮದು, ಮಾರಿದ್ದರಲ್ಲಿ ಸಣ್ಣ ಪಾಲು ನಿಮ್ಮ ಖರ್ಚಿಗೆ. ಜೂನ್‌ಗೆ ಮುಂಚೆ ತಹಶೀಲ್ದಾರ್ ಆಫೀಸಿಗೋ ಪರಿಹಾರ ಕೆಲಸ ಮಾಡೋ ಸಂಸ್ಥೆಗಳಿಗೋ ಹೋಗಿ, ನೆರೆ ಬಂದ್ರೆ ಇಷ್ಟು ರೊಟ್ಟಿ ಇಷ್ಟು ಗಂಟೆಯಲ್ಲಿ ಇಂಥ ರೇಟಿಗೆ ಕೊಡ್ತೀವಿ ಅಂತ ಮೊದಲೇ ಮಾತಾಡಿಟ್ಕೊಳ್ಳಿ. ಆಗ ಕಾಳಜಿ ಕೇಂದ್ರದಲ್ಲಿರೋರಿಗೆ ತಮ್ಮದೇ ಊಟ ಸಿಗುತ್ತೆ, ಅದಕ್ಕೆ ಖರ್ಚಾದ ದುಡ್ಡು ಪಕ್ಕದೂರಿನ ಹೆಣ್ಣುಮಕ್ಕಳ ಕೈಗೇ ಹೋಗುತ್ತೆ. ಇನ್ನೂ ಒಂದು, ನೀರು ಇಳಿದ ಮೇಲೆ ಮನೆ ಕಳ್ಕೊಂಡ ಹೆಂಗಸರೂ ಅದೇ ಸಂಘ ಸೇರ್ಕೊಂಡು ದುಡೀಬಹುದು.

ಜ್ಯೂರಿ ಕೇಳೋದು ಸಾಮಾನ್ಯವಾಗಿ ದುಡ್ಡು ಕೊಡೋರು ಯಾರು, ಯಾಕೆ ಕೊಡ್ತಾರೆ, ನೀವು ಡಿಗ್ರಿ ಮುಗಿಸಿ ಹೋದ್ಮೇಲೆ ಇದನ್ನ ನಡೆಸೋರು ಯಾರು ಅನ್ನೋದನ್ನ. ಮೂರನೇ ಪ್ರಶ್ನೆಗೆ "ಸಂಘದವರೇ" ಅಂತ ನೀನು ಹೇಳೋಕಾದ್ರೆ ಅರ್ಧ ಗೆದ್ದ ಹಾಗೆ.

ಸ್ಪರ್ಧೆಗೆ ಬರೆಯೋ ಮುಂಚೆ ಒಂದ್ಸಲ ರಾಮದುರ್ಗದ ಕಡೆನೂ ಹೋಗಿ ಬನ್ನಿ, ಮಲಪ್ರಭಾ ದಂಡೆಯ ನೇಕಾರರ ಮನೆಗಳಿಗೆ. ಮನೆಯೊಳಗೆ ನೀರು ನಿಂತ್ರೆ ಮಗ್ಗದ ಕಟ್ಟಿಗೆ ಉಬ್ಬುತ್ತೆ, ಹಾಸು ಹೊಕ್ಕಿನ ನೂಲು ಹಾಳಾಗುತ್ತೆ, ಪವರ್‌ಲೂಮ್ ಆದ್ರೆ ಮೋಟರ್ ಸುಟ್ಟೇ ಹೋಗುತ್ತೆ. ಅಕ್ಕಿ, ಚಾಪೆ, ಕಂಬಳಿ ಮೊದಲ ವಾರದಲ್ಲಿ ಎಲ್ಲರೂ ಕೊಡ್ತಾರೆ, ಆ ಮಗ್ಗ ಮತ್ತೆ ಶುರುವಾಗೋದು ಹೇಗೆ ಅಂತ ಕೇಳೋರು ಮೂರನೇ ತಿಂಗಳಿಗೆ ಯಾರೂ ಇರಲ್ಲ, ಮೊದಲ ಆರ್ಡರ್ ಕೊಡೋರಂತೂ ಇಲ್ವೇ ಇಲ್ಲ. ನಿಮ್ಮಂಥ ಹುಡುಗರು ಹೊಗಬೇಕಾದ ಜಾಗ ಅದು.

ಮನೆ ಪರಿಹಾರದ ಕಥೆಯೂ ಹಾಗೇ. 2019ರಲ್ಲಿ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂತ ಘೋಷಣೆ ಮಾಡ್ತು, ಆದ್ರೆ ಅದು ಒಂದೇ ಸಲ ಕೈಗೆ ಬರೋ ದುಡ್ಡಲ್ಲ, ಅಡಿಪಾಯದಿಂದ ಛಾವಣಿವರೆಗೆ ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ ಅಪ್‌ಲೋಡ್ ಆದ್ಮೇಲೆ ಕಂತು ಬಿಡುಗಡೆ. ಕಾಗದಪತ್ರ ಎಲ್ಲಾ ನೀರಲ್ಲಿ ಹೋದ ಅಜ್ಜಿಗೆ ಇದೆಲ್ಲ ಹೇಗೆ ಆಗ್ಬೇಕು? ಕಂಪ್ಯೂಟರ್ ಗೊತ್ತಿರೋ ನಾಲ್ಕು ಹುಡುಗರು ಊರಲ್ಲಿ ಒಂದು ಟೇಬಲ್ ಹಾಕ್ಕೊಂಡು ಕೂತ್ರೆ ಎಷ್ಟೋ ಮನೆ ಎದ್ದು ನಿಲ್ತವೆ. ಇದರಲ್ಲಿ ಆದಾಯ ಇಲ್ಲ, ಸ್ಪರ್ಧೆಗೆ ಹೊಂದಲ್ಲ ಅಂತ ನಿನಗೆ ಅನ್ನಿಸಬಹುದು. ಹೊಂದದಿದ್ರೂ ಪರವಾಗಿಲ್ಲ, ಎನ್‌ಎಸ್‌ಎಸ್‌ನಲ್ಲಿ ಮಾಡಿ, ಆದ್ರೆ ಮಾಡಿ.

ಪ್ರಶ್ನೆ: ನನ್ನ ಮಗಳು ಬಿಬಿಎ ಓದ್ತಿದ್ದಾಳೆ. ಎರಡು ತಿಂಗಳಿಂದ ಇದೇ ಸ್ಪರ್ಧೆ ಅಂತ ರಾತ್ರಿ ಎಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾಳೆ. ನಮ್ಮ ಕಾಲದಲ್ಲಿ ಯಾರಿಗಾದ್ರೂ ಕಷ್ಟ ಬಂದ್ರೆ ಕೈಲಾದ್ದು ಕೊಟ್ಟು ಸುಮ್ಮನಾಗ್ತಿದ್ವಿ. ಕಷ್ಟದಲ್ಲಿರೋರ ಹೆಸರಲ್ಲಿ ವ್ಯಾಪಾರ ಅಂದ್ರೆ ನನಗೆ ಯಾಕೋ ಸರಿ ಅನ್ನಿಸಲ್ಲ. ನಾನು ತಪ್ಪು ತಿಳ್ಕೊಂಡಿದ್ದೀನಾ?
— ಗೃಹಿಣಿ, ದಾವಣಗೆರೆ

ಉತ್ತರ: ಅಕ್ಕಾವ್ರೇ, ನಿಮ್ಮ ಅಳುಕು ಸರಿಯಾದದ್ದೇ, ಅದನ್ನ ಮಗಳ ಹತ್ರ ಖಂಡಿತ ಮಾತಾಡಿ. ಕಷ್ಟದಲ್ಲಿರೋರಿಗೆ ಮಾರಿ ಲಾಭ ಮಾಡ್ಕೊಳ್ಳೋದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಸ್ಪರ್ಧೆಗಳು ಕೇಳೋದು ಬೇರೆ, ದುಡ್ಡು ಇರೋರು ಕೊಳ್ಳೋ ಹಾಗೆ ಮಾಡಿ, ಅದರ ಫಲ ಕಳ್ಕೊಂಡೋರಿಗೆ ಮುಟ್ಟಬೇಕು.

ಚೇಕುಟ್ಟಿ ಗೊಂಬೆ ಹೆಸರು ಕೇಳಿದ್ದೀರಾ? ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಚೇಂದಮಂಗಲಂ ಅಂತ ಕೈಮಗ್ಗದ ಊರು. 2018ರ ಆಗಸ್ಟ್‌ನಲ್ಲಿ ಓಣಂ ಹತ್ರ ಬಂದಿತ್ತು, ವರ್ಷದ ಮುಖ್ಯ ವ್ಯಾಪಾರಕ್ಕೆ ಅಂತ ನೇಯ್ದು ಮಡಿಚಿಟ್ಟಿದ್ದ ಸೀರೆಗಳೆಲ್ಲ ಕೆಸರು ನೀರಲ್ಲಿ ಮುಳುಗಿ ಹೋದ್ವು. ಬಿಳಿ ಸೀರೆಗೆ ಹತ್ತಿದ ಆ ಕಲೆ ತೊಳೆದ್ರೂ ಹೋಗಲ್ಲ, ಸುಟ್ಟು ಹಾಕೋದೇ ಗತಿ ಅನ್ನೋ ಸ್ಥಿತಿ. ಆಗ ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಅನ್ನೋ ಇಬ್ಬರು ಆ ಸೀರೆಗಳನ್ನ ಕ್ಲೋರಿನ್ ಹಾಕಿ, ಕುದಿಸಿ ಶುದ್ಧ ಮಾಡಿಸಿ, ಸಣ್ಣ ಸಣ್ಣ ತುಂಡು ಕತ್ತರಿಸಿ, ಗಂಟು ಕಟ್ಟಿ ಪುಟ್ಟ ಗೊಂಬೆ ಮಾಡಿದ್ರು. ಕಲೆ ಕಾಣೋ ಹಾಗೇ ಬಿಟ್ರು, ಮುಚ್ಚಲಿಲ್ಲ. ಒಂದು ಗೊಂಬೆಗೆ 25 ರೂಪಾಯಿ. ಸುಮಾರು 1300 ರೂಪಾಯಿಗೆ ಮಾರಬೇಕಿದ್ದ ಒಂದು ಸೀರೆಯಿಂದ 360 ಗೊಂಬೆ ಆಗ್ತಿತ್ತು, ಅಂದ್ರೆ 9000 ರೂಪಾಯಿ, ಆ ದುಡ್ಡು ನೇಕಾರರಿಗೆ. ಗೊಂಬೆ ಕಟ್ಟೋಕೆ ದೊಡ್ಡ ಕಸುಬು ಬೇಡ, ಸ್ಕೂಲು, ಕಾಲೇಜು, ಆಫೀಸುಗಳಲ್ಲಿ ಜನ ಕೂತು ಕಟ್ಟಿಕೊಟ್ರು. ಇದರಲ್ಲಿ ಯಾರು ಯಾರಿಂದ ಕಿತ್ಕೊಂಡ್ರು ಹೇಳಿ? ನೇಕಾರರು ಕೈಚಾಚಲಿಲ್ಲ, ತಮ್ಮ ಬಟ್ಟೆಗೇ ಬೆಲೆ ಪಡೆದ್ರು. ಕೈಯೆತ್ತಿ ಕೊಡೋದು ದೊಡ್ಡದು, ಅದನ್ನ ಕಡಿಮೆ ಮಾಡಿ ಹೇಳ್ತಿಲ್ಲ, ಆದ್ರೆ ದುಡಿದು ತಿಂದು ಅಭ್ಯಾಸ ಇರೋ ಮನುಷ್ಯನಿಗೆ ತಿಂಗಳುಗಟ್ಟಲೆ ಸಾಲಲ್ಲಿ ನಿಂತು ಇಸ್ಕೊಳ್ಳೋದು ಎಷ್ಟು ಹಿಂಸೆ ಅಂತ ಕಾಳಜಿ ಕೇಂದ್ರದಲ್ಲಿ ಇದ್ದೋರನ್ನ ಕೇಳಿ ನೋಡಿ.

ಕೈಲಾದ್ದು ಕೊಟ್ಟು ಸುಮ್ಮನಾಗೋದರಲ್ಲೂ ಒಂದು ತೊಂದರೆ ಇದೆ. 2004ರ ಸುನಾಮಿ ಆದಾಗ ದೇಶದ ಎಲ್ಲಾ ಕಡೆಯಿಂದ ತಮಿಳುನಾಡಿಗೆ ಹೋದ ಹಳೇ ಬಟ್ಟೆಯಲ್ಲಿ ಎಷ್ಟೋ ಪಾಲು ಅಲ್ಲಿನ ಜನ ಉಡೋ ಥರದ್ದೇ ಅಲ್ಲ, ರಸ್ತೆ ಬದಿ ರಾಶಿ ಬಿದ್ದಿತ್ತು. ದೆಹಲಿಯ ಗೂಂಜ್ ಸಂಸ್ಥೆಯವರು, ಅಂದ್ರೆ ಅಂಶು ಗುಪ್ತಾ ಅವರ ತಂಡ, ಅದನ್ನ ಬೇರ್ಪಡಿಸಿ, ಹತ್ತಿ ಬಟ್ಟೆಯಲ್ಲಿ ಸ್ಯಾನಿಟರಿ ಪ್ಯಾಡ್‌ನಂಥವು ಮಾಡಿ ಬಳಕೆಗೆ ತಂದ್ರು. ಊರಿನವರೇ ಸೇರಿ ಬಾವಿನೋ ರಸ್ತೆನೋ ಸರಿ ಮಾಡ್ಕೊಂಡ್ರೆ ಅದಕ್ಕೆ ಬದಲಾಗಿ ಬಟ್ಟೆ ಕೊಡೋ ಪದ್ಧತಿಯೂ ಅವರದ್ದಿದೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮಗಳಿಗೆ ಒಂದು ಮಾತು ಮಾತ್ರ ನೀವು ಹೇಳಲೇಬೇಕು. ಪಿಪಿಟಿಯ ಮೊದಲ ಸ್ಲೈಡ್‌ನಲ್ಲಿ ಅಳ್ತಿರೋ ಮುದುಕಿಯ ಫೋಟೋ, ಮೈಮೇಲೆ ಬಟ್ಟೆ ಇಲ್ಲದ ಮಗುವಿನ ಫೋಟೋ ಹಾಕೋದು ಬೇಡ. ಇದನ್ನ ನೋಡಿದಾಗೆಲ್ಲ ನನಗೆ ತುಂಬಾ ನೋವಾಗುತ್ತೆ. ಅವರನ್ನ ಕೇಳದೆ ತೆಗೆದ ಫೋಟೋ ಅದು, ಅವರ ಬದುಕಿನ ಕೆಟ್ಟ ದಿನದ ಫೋಟೋ, ಎಸಿ ಹಾಲ್‌ನಲ್ಲಿ ಅಂಕಕ್ಕೋಸ್ಕರ ತೋರಿಸೋಕೆ ನಮಗೆ ಯಾವ ಹಕ್ಕೂ ಇಲ್ಲ.

ಇನ್ನು ರಾತ್ರಿ ನಿದ್ದೆಗೆಡೋ ವಿಷಯಕ್ಕೆ ನಾನು ಪೂರ್ತಿ ನಿಮ್ಮ ಕಡೆ.

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರದ ಊರು. 2018ರಲ್ಲಿ ಮನೆ, ತೋಟ ಎರಡೂ ಹೋಯಿತು, ಈಗ ಸರ್ಕಾರ ಕೊಟ್ಟ ಬಡಾವಣೆಯಲ್ಲಿ ಇದ್ದೇವೆ. ಆಮೇಲೆ ಎಷ್ಟು ಕಾಲೇಜಿನ ಮಕ್ಕಳು ಬಂದರೋ, ಫಾರಂ ತುಂಬಿಸಿಕೊಂಡರು, ವಿಡಿಯೋ ಮಾಡಿದರು, ನಿಮ್ಮ ಕಥೆಗೆ ಬಹುಮಾನ ಬಂತು ಎಂದು ಒಬ್ಬರು ಫೋನ್ ಕೂಡ ಮಾಡಿದರು. ನಮಗೆ ಏನೂ ಆಗಲಿಲ್ಲ. ಇನ್ನು ಯಾರಾದರೂ ಬಂದರೆ ಮಾತಾಡುವುದೋ ಬೇಡವೋ?
— ಹಿರಿಯ ಓದುಗರು, ಕೊಡಗು

ಉತ್ತರ: ಸಾರ್, ನಿಮ್ಮ ಪತ್ರ ಓದಿ ಬಹಳ ಹೊತ್ತು ಬೇರೆ ಕೆಲಸ ಮಾಡೋಕೆ ಆಗ್ಲಿಲ್ಲ. ಮಾತಾಡಲೇಬೇಕು ಅನ್ನೋ ಹಂಗು ನಿಮಗಿಲ್ಲ. ಬಂದೋರಿಗೆ ಕೂತ್ಕೊಳ್ಳೋಕೆ ಹೇಳಿ, ಕಾಫಿ ಕೊಡಿ, ಆಮೇಲೆ ನೀವೇ ಪ್ರಶ್ನೆ ಕೇಳಿ. ಯಾವ ಕಾಲೇಜು, ಜವಾಬ್ದಾರಿ ಹೊತ್ತ ಲೆಕ್ಚರರ್ ಯಾರು, ಅವರ ನಂಬರ್ ಏನು, ಬಹುಮಾನ ಬಂದ್ರೆ ಅದರಲ್ಲಿ ಈ ಊರಿಗೆ ಎಷ್ಟು, ಮುಂದಿನ ವರ್ಷ ಈ ಹುಡುಗರು ಪಾಸಾಗಿ ಹೋದ್ಮೇಲೆ ಬರೋರು ಯಾರು. ಇದನ್ನ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ ಅನ್ನಿ. ಕೊಡೋಕೆ ಹಿಂಜರಿಯೋರಿಗೆ ನಮಸ್ಕಾರ ಹೇಳಿ ಕಳಿಸಿಬಿಡಿ, ಅದರಲ್ಲಿ ಒರಟುತನ ಏನೂ ಇಲ್ಲ.

ಇದನ್ನ ಓದ್ತಿರೋ ಕಾಲೇಜಿನವರಿಗೂ ಈ ಪತ್ರದ ಜೊತೆಗೇ ಒಂದು ಮಾತು ಹೇಳಿಬಿಡ್ತೀನಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿದಾಗ ಹೋದದ್ದು ಗೋಡೆ ಮಾಡು ಮಾತ್ರ ಅಲ್ಲ. ಕಾಫಿ ಗಿಡ ಹೊಸದಾಗಿ ನೆಟ್ರೆ ಮೊದಲ ಫಸಲು ಬರೋಕೇ ಮೂರು ನಾಲ್ಕು ವರ್ಷ ಬೇಕು, ಮೆಣಸಿನ ಬಳ್ಳಿಯೂ ಹೆಚ್ಚುಕಮ್ಮಿ ಹಾಗೇ, ಅದೂ ಮೇಲ್ಮಣ್ಣು ಉಳಿದಿದ್ರೆ. ಜಂಬೂರು, ಮಾದೆನಾಡು, ಕರ್ಣಂಗೇರಿ ಕಡೆ ಮನೆ ಕಟ್ಟಿಕೊಟ್ರು, ಒಳ್ಳೇದೇ ಆಯ್ತು, ಆದ್ರೆ ತೋಟದ ಮಧ್ಯೆ ಬದುಕಿದೋರಿಗೆ ಸೈಟಿನಷ್ಟು ಜಾಗದಲ್ಲಿ ಸಂಪಾದನೆ ಎಲ್ಲಿಂದ? ನಿಮ್ಮ ಸ್ಪರ್ಧೆ ಒಂದು ಸೆಮಿಸ್ಟರ್‌ನಲ್ಲಿ ಮುಗಿಯುತ್ತೆ, ಇವರ ಕಷ್ಟ ನಾಲ್ಕು ಸೆಮಿಸ್ಟರ್‌ಗೂ ಮುಗಿಯಲ್ಲ. ಹಾಗಾಗಿ ಒಂದು ಬ್ಯಾಚ್ ಇನ್ನೊಂದು ಬ್ಯಾಚ್‌ಗೆ ಅದೇ ಊರನ್ನ, ಅದೇ ಮನೆಗಳನ್ನ ಒಪ್ಪಿಸಿ ಹೋಗೋ ವ್ಯವಸ್ಥೆ ಇಲ್ಲದ ಕಾಲೇಜು ದಯವಿಟ್ಟು ಸರ್ವೆಗೆ ಅಂತ ಬಸ್ ಕಳಿಸಬೇಡಿ.

ವಿದ್ಯಾರ್ಥಿಗಳಿಂದ ಇದೆಲ್ಲ ಆಗಲ್ಲ ಅಂತ ಅಂದ್ಕೊಳ್ಳೋ ಹಾಗಿಲ್ಲ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಓದ್ತಿದ್ದ ಮನು ಗುಪ್ತಾ, ಅಂಶು ಶರ್ಮಾ 1994ರಲ್ಲಿ ಶುರು ಮಾಡಿದ ಸೀಡ್ಸ್ ಸಂಸ್ಥೆ ಇವತ್ತಿಗೂ ವಿಕೋಪ ಆದ ಕಡೆ ಮನೆ, ಶಾಲೆ ಕಟ್ಟೋ ಕೆಲಸ ಮಾಡ್ತಿದೆ, ಭುಜ್ ಭೂಕಂಪದಿಂದ ಹಿಡಿದು ಕೇರಳದ ನೆರೆವರೆಗೆ. ಓದು ಮುಗೀತು ಅಂತ ಅವರು ಕೈಬಿಡಲಿಲ್ಲ.

ಸಾರ್, ನಿಮ್ಮ ಬಡಾವಣೆಯವರಿಗೆ ಈಗ ಮಾರೋಕೆ ಏನಾದ್ರೂ ಇದ್ರೆ, ಮನೆಯ ಉಪ್ಪಿನಕಾಯಿ, ಜೇನು, ಹೊಲಿಗೆ ಯಾವುದಾದ್ರೂ ಸರಿ, ಬರೆದು ಕಳಿಸಿ. ಈ ಅಂಕಣಕ್ಕೆ ಪತ್ರ ಬರೆದಿರೋ ಕಾಲೇಜು ಟೀಮ್‌ಗಳಿಗೆ ನಾನೇ ಮುಟ್ಟಿಸ್ತೀನಿ, ಮೇಲಿನ ಹಾಳೆಗೆ ಸಹಿ ಹಾಕೋರಿಗೆ ಮಾತ್ರ.

ಪ್ರಶ್ನೆ: ನಮ್ಮ ಟೀಮ್‌ಗೆ ಸ್ಪರ್ಧೆಯಲ್ಲಿ 50,000 ರೂಪಾಯಿ ಬಂತು. ಜೊತೆಗೆ ಜನರೂ ದುಡ್ಡು ಕೊಡ್ತಿದ್ದಾರೆ, ಸದ್ಯಕ್ಕೆ ಫ್ರೆಂಡ್ ಒಬ್ಬನ ಫೋನ್‌ಪೇ ನಂಬರ್‌ಗೆ ಹಾಕಿಸ್ಕೊಳ್ತಿದ್ದೀವಿ. ಅಮೆರಿಕದಲ್ಲಿರೋ ಅವನ ಮಾವನೂ ಕಳಿಸ್ತೀನಿ ಅಂತಿದ್ದಾರೆ. ಟ್ರಸ್ಟ್ ಮಾಡ್ಲೇಬೇಕಾ?
— ಎಂಬಿಎ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲು ಆ ಫೋನ್‌ಪೇ ನಿಲ್ಲಿಸಿ, ಇವತ್ತೇ. ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಅವನ ಸ್ವಂತ ಖಾತೆಗೆ ಬಂದದ್ದು ಬ್ಯಾಂಕು, ಇನ್‌ಕಂ ಟ್ಯಾಕ್ಸ್‌ನವರ ಲೆಕ್ಕದಲ್ಲಿ ಅವನ ದುಡ್ಡೇ, ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ಹೇಳೋನು ಅವನೊಬ್ಬನೇ ಆಗ್ತಾನೆ. ಕಾಲೇಜಿಗೆ ಅಥವಾ ಈಗಾಗಲೇ ರಿಜಿಸ್ಟರ್ ಆಗಿರೋ ನಂಬಿಕಸ್ಥ ಟ್ರಸ್ಟ್‌ಗೆ ದುಡ್ಡು ಹೋಗಲಿ, ಖರ್ಚಿಗೆ ಇಬ್ಬರ ಸಹಿ ಇರಲಿ, ಬಂದದ್ದು ಹೋದದ್ದು ಎರಡನ್ನೂ ಬಿಲ್ ಸಮೇತ ದಾನಿಗಳ ಗ್ರೂಪಲ್ಲಿ ಹಾಕ್ತಾ ಹೋಗಿ. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸೋ 80ಜಿ ರಸೀದಿ ಕೊಡ್ತೀವಿ ಅಂತ ನೀವು ಯಾರಿಗೂ ಮಾತು ಕೊಡ್ಬೇಡಿ, ಆ ಅನುಮತಿ ಇರೋ ಸಂಸ್ಥೆ ಮಾತ್ರ ಕೊಡಬಹುದು.

ಅಮೆರಿಕದ ಮಾವನ ವಿಷಯ ಸ್ವಲ್ಪ ಸೂಕ್ಷ್ಮ. ವಿದೇಶಿ ದೇಣಿಗೆ ಪಡೆಯೋಕೆ ಎಫ್‌ಸಿಆರ್‌ಎ ಅಂತ ಕಾನೂನಿದೆ, ಅದರಲ್ಲಿ ನೋಂದಣಿ ಆದ ಅಥವಾ ಮೊದಲೇ ಅನುಮತಿ ಪಡೆದ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ ಮಾತ್ರ ತರಿಸ್ಕೋಬೇಕು. ಮಾವ ಇನ್ನೂ ಭಾರತದ ಪಾಸ್‌ಪೋರ್ಟ್‌ನಲ್ಲೇ ಇದ್ದು ತಮ್ಮ ಸ್ವಂತ ಉಳಿತಾಯವನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅನ್ನಿಸ್ಕೊಳ್ಳಲ್ಲ, ಅಲ್ಲಿನ ಪೌರತ್ವ ತಗೊಂಡಿದ್ರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಅದು ವಿದೇಶಿ ಮೂಲವೇ. ಗೊತ್ತಿಲ್ದೆ ಮಾಡಿದ್ರೂ ತೊಂದರೆ ತೊಂದರೆನೇ, ಅದಕ್ಕೆ ಮೊದಲು ಒಬ್ಬ ಸಿಎ ಹತ್ರ ಹೋಗಿ ಬನ್ನಿ.

ಟ್ರಸ್ಟ್, ಸೆಕ್ಷನ್ 8 ಕಂಪನಿ (ಲಾಭ ಹಂಚಿಕೊಳ್ಳದ ಸೇವಾ ಕಂಪನಿ) ಅಂತೆಲ್ಲ ಈಗಲೇ ಓಡಬೇಡಿ. ಪ್ರತಿ ವರ್ಷ ಆಡಿಟ್, ರಿಟರ್ನ್ಸ್ ಅಂತ ಖರ್ಚು ಇದ್ದೇ ಇರುತ್ತೆ, ನೀವೆಲ್ಲ ಪ್ಲೇಸ್‌ಮೆಂಟ್ ಆಗಿ ಚದುರಿದ ಮೇಲೆ ಅದನ್ನ ನೋಡ್ಕೊಳ್ಳೋರು ಇರಲ್ಲ. ಎರಡು ವರ್ಷ ಕೆಲಸ ನಿಂತ್ರೆ ಆಮೇಲೆ ಮಾಡಿ.

ಪ್ರಶ್ನೆ: ಸರ್ಕಾರಿ ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಅವರು ಭಾಗವಹಿಸಬಹುದಾದ ಸ್ಪರ್ಧೆಗಳು ಯಾವುವು?
— ಉಪನ್ಯಾಸಕರು, ಯಾದಗಿರಿ ಜಿಲ್ಲೆ

ಉತ್ತರ: ಜಗತ್ತಿನ ಮಟ್ಟದಲ್ಲಿ ಕಾಲೇಜು ವಿದ್ಯಾರ್ಥಿಗಳ ಇಂಥ ಸ್ಪರ್ಧೆಗಳಲ್ಲಿ ಹಲ್ಟ್ ಪ್ರೈಜ್ ದೊಡ್ಡ ಹೆಸರು, ಬಹುಮಾನ 10 ಲಕ್ಷ ಡಾಲರ್, 2014ರಲ್ಲಿ ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿಯ ವಿದ್ಯಾರ್ಥಿಗಳ ನ್ಯಾನೋಹೆಲ್ತ್ ತಂಡ ಅದನ್ನ ಗೆದ್ದಿತ್ತು. 2017ರಲ್ಲಿ ನಿರಾಶ್ರಿತರ ಬದುಕೇ ಅದರ ವಿಷಯ ಆಗಿತ್ತು. ಎನಾಕ್ಟಸ್ ಕೂಡ ಇದೆ, 1975ರಿಂದ ಇರೋ ಸಂಸ್ಥೆ, ಕಾಲೇಜಲ್ಲಿ ಒಂದು ತಂಡ ಮಾಡ್ಕೊಂಡು ವರ್ಷಪೂರ್ತಿ ಕೆಲಸ ಮಾಡಿ ಆಮೇಲೆ ಸ್ಪರ್ಧೆಗೆ ಹೋಗೋದು, ನನಗೆ ಆ ಕ್ರಮ ಇಷ್ಟ. ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2017ರಿಂದ ನಡೀತಿದೆ, ಆರು ಜನರ ತಂಡ, ಅದರಲ್ಲಿ ಒಬ್ಬ ಹುಡುಗಿಯಾದ್ರೂ ಇರಲೇಬೇಕು, ವಿಪತ್ತು ನಿರ್ವಹಣೆ ಅದರ ವಿಷಯಗಳಲ್ಲೊಂದು, ಆದ್ರೆ ಅದು ಟೆಕ್ನಾಲಜಿ ಕಡೆಗೆ ಜಾಸ್ತಿ.

ನಿಮ್ಮ ಮಕ್ಕಳಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನವರ ಲೀಡ್ ಕಾರ್ಯಕ್ರಮ ಅಂತ ನನ್ನ ಅನಿಸಿಕೆ. ಉತ್ತರ ಕರ್ನಾಟಕದ ಕಾಲೇಜು ಮಕ್ಕಳಿಗೆ ಅಂತಲೇ ಶುರುವಾದದ್ದು ಅದು, ಊರಿನ ಸಣ್ಣ ಸಮಸ್ಯೆ ಹಿಡ್ಕೊಂಡು ಬಂದ್ರೂ ಕೇಳಿಸ್ಕೊಳ್ತಾರೆ, ಸಣ್ಣ ಮೊತ್ತದ ಸಹಾಯ ಕೊಡ್ತಾರೆ. ಯಾವುದಕ್ಕೂ ಕಳಿಸೋ ಮುಂಚೆ ಈ ವರ್ಷದ ನಿಯಮ ಏನಿದೆ ಅಂತ ಅವರ ವೆಬ್‌ಸೈಟಲ್ಲಿ ನೋಡಿ, ಪ್ರತಿ ವರ್ಷ ಬದಲಾಗುತ್ತೆ.

ಇಂಗ್ಲಿಷ್ ವಿಷಯಕ್ಕೆ ಹೆದರಬೇಡಿ ಸಾರ್. ಕಾಲೇಜಲ್ಲೇ ಒಂದು ಸಣ್ಣ ಸ್ಪರ್ಧೆ ಕನ್ನಡದಲ್ಲೇ ಇಟ್ಟುಬಿಡಿ, ಭೀಮಾ ನದಿ ದಂಡೆಯ ಊರುಗಳೇ ವಿಷಯ, ಜ್ಯೂರಿಯಲ್ಲಿ ನೆರೆ ಕಂಡ ಒಬ್ಬ ರೈತ, ಸಂಘದ ಒಬ್ಬ ಹೆಣ್ಣುಮಗಳು, ಪಂಚಾಯ್ತಿ ಪಿಡಿಓ ಇರಲಿ. ಪಿಪಿಟಿ ಬೇಡ. ಹೈಟಿಯಲ್ಲಿ 2010ರ ಜನವರಿಯಲ್ಲಿ ಭೂಕಂಪ ಆದಾಗ ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಆರ್ಕಿಟೆಕ್ಚರ್ ಓದ್ತಿದ್ದ ಆ್ಯನಾ ಸ್ಟಾರ್ಕ್, ಆ್ಯಂಡ್ರಿಯಾ ಶ್ರೇಷ್ಠಾ ಅನ್ನೋ ಇಬ್ಬರು ಹುಡುಗಿಯರು ಕ್ಲಾಸ್ ಪ್ರಾಜೆಕ್ಟಿಗೆ ಅಂತ ಶುರು ಮಾಡಿದ್ದೇ ಲೂಮಿನ್‌ಏಡ್ ದೀಪ. ಎಲ್ಲರೂ ಟೆಂಟು, ಮನೆ ಡಿಸೈನ್ ಬಗ್ಗೆ ಯೋಚಿಸ್ತಿದ್ದಾಗ ಇವರು ರಾತ್ರಿ ಆ ಟೆಂಟುಗಳೊಳಗೆ ಬೆಳಕಿಲ್ಲ, ಹೆಂಗಸರಿಗೆ ಭಯ ಅನ್ನೋದನ್ನ ಹಿಡಿದ್ರು. ಗಾಳಿ ತುಂಬೋ ಪ್ಲಾಸ್ಟಿಕ್ ಚೀಲಕ್ಕೆ ಸಣ್ಣ ಸೋಲಾರ್ ಪ್ಯಾನಲ್, ಮಡಚಿದ್ರೆ ತೆಳ್ಳಗೆ, ಒಂದು ಪೆಟ್ಟಿಗೆಯಲ್ಲಿ ಎಷ್ಟೋ ಹಿಡಿಸುತ್ತೆ. ಅದನ್ನ ಟ್ರೆಕ್ಕಿಂಗ್, ಕ್ಯಾಂಪಿಂಗ್ ಹೋಗೋರು ವರ್ಷಪೂರ್ತಿ ಕೊಳ್ತಾರೆ, ಅದೂ ಕಂಪನಿಗೆ ಆದಾಯ, ವಿಕೋಪ ಆದ ಕಡೆ ದೀಪ ಹೋಗ್ತಿದೆ. ಅವರು ಗಮನಿಸಿದ ಹಾಗೆ ಗಮನಿಸೋಕೆ ಯಾವ ಇಂಗ್ಲಿಷೂ ಬೇಕಿಲ್ಲ.

ಪ್ರಶ್ನೆ: ಅಕ್ಕ, ನಾನು ಪಿಯುಸಿ ಸೈನ್ಸ್. ಶಿರೂರಿನ ಗುಡ್ಡ ಕುಸಿದದ್ದು ನಮ್ಮ ತಾಲ್ಲೂಕಿನಲ್ಲೇ. ಮಳೆ ಜೋರಾದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ. ನಮ್ಮ ಕಾಲೇಜಿನಲ್ಲಿ ಯಾವ ಸ್ಪರ್ಧೆಯೂ ಇಲ್ಲ. ನಾನು ಏನಾದರೂ ಮಾಡಬಹುದಾ?
— ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಪುಟ್ಟಾ, 2024ರ ಜುಲೈ 16ರ ಬೆಳಿಗ್ಗೆ ಆದದ್ದನ್ನ ನಾವ್ಯಾರೂ ಮರೆಯಲ್ಲ, ನಿನಗೆ ನಿದ್ದೆ ಬರದೇ ಇರೋದು ಸಹಜ, ಅದನ್ನ ಮನೆಯವರ ಹತ್ರ, ನಿನ್ನ ಇಷ್ಟದ ಟೀಚರ್ ಹತ್ರ ಹೇಳ್ಕೋ, ಒಳಗೇ ಇಟ್ಕೋಬೇಡ.

ನೀನು ಮಾಡಬಹುದಾದ ಕೆಲಸ ಒಂದಿದೆ, ಅದು ಮಳೆ ಅಳೆಯೋದು. ಅದೇ ತಿಂಗಳ 30ಕ್ಕೆ ವಯನಾಡಿನ ಮುಂಡಕೈ, ಚೂರಲ್‌ಮಲ ಕೊಚ್ಚಿ ಹೋದ್ವಲ್ಲ, ಅಲ್ಲಿ ಕಲ್ಪೆಟ್ಟಾದ ಹ್ಯೂಮ್ ಸೆಂಟರ್ ಅನ್ನೋ ಸಂಸ್ಥೆ ಜಿಲ್ಲೆಯಲ್ಲಿ 200ಕ್ಕೂ ಹೆಚ್ಚು ಕಡೆ ಮಳೆಮಾಪಕ ಇಟ್ಟು ಊರಿನವರಿಂದಲೇ ಲೆಕ್ಕ ತಗೊಳ್ಳುತ್ತೆ, ಅದರ ಆಧಾರದ ಮೇಲೆ ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ರು. ಗುಡ್ಡದ ಒಂದು ಮಗ್ಗುಲಲ್ಲಿ ಸುರಿಯೋ ಮಳೆ ಇನ್ನೊಂದು ಮಗ್ಗುಲಲ್ಲಿ ಇರಲ್ಲ, ಅದಕ್ಕೇ ತುಂಬಾ ಕಡೆ ಅಳೀಬೇಕು. ನಮ್ಮಲ್ಲೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆಮಾಪಕಗಳು ಪಂಚಾಯ್ತಿ ಮಟ್ಟದಲ್ಲಿವೆ, ನಿನ್ನದು ಅದಕ್ಕೆ ಜೊತೆಯಾಗುತ್ತೆ.

ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ಪಕ್ಕ ನೇರ ಇರೋದು ನೋಡಿ ತಗೋ. ಮೇಲಿನ ಭಾಗ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಅದೇ ಬಾಟಲಿಗೆ ಕೂರಿಸು, ಲಾಳಿಕೆ ಆಯ್ತು. ತಳ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿ ಸಣ್ಣ ಕಲ್ಲು ಹಾಕಿ ಅದು ಮುಚ್ಚೋವರೆಗೆ ನೀರು ತುಂಬಿ ಗೆರೆ ಎಳಿ, ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸು. ಮರ, ಮಾಡು ಅಡ್ಡ ಇಲ್ಲದ ಬಯಲಲ್ಲಿ ಇಟ್ಟು ಪ್ರತಿದಿನ ಬೆಳಿಗ್ಗೆ 8:30ಕ್ಕೆ ನೋಡು, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯೋದು. ಎಷ್ಟು ಮಿಲಿಮೀಟರ್ ಏರಿದೆಯೋ ಅಷ್ಟು ಮಳೆ, ಬರ್ಕೊಂಡು ಮತ್ತೆ ಸೊನ್ನೆಗೆ ತಂದಿಡು. ಒಂದು ದಿನಕ್ಕೆ 64.5 ಮಿ.ಮೀ. ದಾಟಿದ್ರೆ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ. ಗುಡ್ಡ ಯಾವಾಗ ಜರಿಯುತ್ತೆ ಅಂತ ಇದರಿಂದ ಭವಿಷ್ಯ ಹೇಳೋಕಾಗಲ್ಲ, ಆದ್ರೆ ಸತತವಾಗಿ ಎಷ್ಟು ಬಿದ್ದಿದೆ ಅನ್ನೋ ಲೆಕ್ಕ ಕೈಯಲ್ಲಿದ್ರೆ ದೊಡ್ಡೋರು ಬೇಗ ತೀರ್ಮಾನ ತಗೋಬಹುದು. ಬಾಟಲಿ ನೋಡೋಕೆ ಅಂತ ಜೋರು ಮಳೆಯಲ್ಲಿ ಗುಡ್ಡದ ಬುಡಕ್ಕೆ ಮಾತ್ರ ಹೋಗ್ಬೇಡ.

ನಿನ್ನ ಕ್ಲಾಸಿನವರು ಬೇರೆ ಬೇರೆ ಊರಿಂದ ಬರ್ತಾರಲ್ವಾ, ಹತ್ತು ಊರಲ್ಲಿ ಹತ್ತು ಬಾಟಲಿ ಆದ್ರೆ ಅಡಿಕೆ, ಭತ್ತ ಬೆಳೆಯೋರಿಗೆ ಮಳೆಗಾಲ ಪೂರ್ತಿ ಈ ಲೆಕ್ಕ ಬೇಕಾಗುತ್ತೆ, ಸೊಸೈಟಿಯವರ ಹತ್ರ ಹೋಗಿ ಕೇಳಿದ್ರೆ ಮುಂದಿನ ವರ್ಷ ಒಳ್ಳೇ ಮಾಪಕ ಕೊಳ್ಳೋಕೆ ಅವರೇ ದುಡ್ಡು ಕೊಡಬಹುದು. ಸ್ಪರ್ಧೆ ಆಮೇಲೆ ನೋಡ್ಕೊಳ್ಳೋಣ. ಲೆಕ್ಕ ಬರೆಯೋ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಪಿಡಿಓ, ತಹಶೀಲ್ದಾರ್ ಆಫೀಸು, ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ ಬರೆದಿಟ್ಕೋ, ಫಿಸಿಕ್ಸ್ ಟೀಚರ್‌ಗೆ ಈ ಉತ್ತರ ತೋರಿಸಿ ಈ ವಾರವೇ ಶುರು ಮಾಡು, ಮೊದಲ ತಿಂಗಳ ಲೆಕ್ಕ ನಮಗೂ ಕಳಿಸು.